ನಾಲ್ಕನೇ ಮಶೀನಿನ ಕಾಕಾ

ಏನು ಕೆಟ್ಟಿದೆ ಎಂದು ಕೇಳಬಾರದು, ಯಾವಾಗ ಸರಿಯಾಗಿರುತ್ತದೆ ಎಂದು ಕೇಳಬೇಕು. ಸರಿಯಿದ್ದ ದಿನ ಏನು ಮಾಡಿದರೋ ಅದನ್ನೇ ಹೆಚ್ಚು ಮಾಡಿಸಬೇಕು. ತೊಂಬತ್ತರ ದಶಕದ ಆರಂಭದಲ್ಲಿ ನಾನು ಇಷ್ಟನ್ನೇ ನಂಬಿಕೊಂಡು ಮುಂಬಯಿಯ ಕಾರ್ಖಾನೆಗಳನ್ನು ಸುತ್ತುತ್ತಿದ್ದೆ. ಪರ್ಸೊನೆಲ್ ಆಫೀಸರ್ ಕೆಲಸ ಬಿಟ್ಟು ಸಲಹೆಗಾರನಾದ ಹೊಸತು. ಪರದೇಶದಲ್ಲಿದ್ದ ಸಹಪಾಠಿ ಕಳಿಸಿದ ಈ ವಿಧಾನದ ಜೆರಾಕ್ಸ್ ಹಾಳೆಗಳನ್ನು ಚೆಂಬೂರಿನಿಂದ ಹೊರಟ ಲೋಕಲ್‌ನಲ್ಲಿ ನಿಂತೇ ಓದಿ ಬಾಯಿಪಾಠ ಮಾಡಿದ್ದೆ. ಜಗತ್ತಿನ ರೋಗಕ್ಕೆಲ್ಲ ಮದ್ದು ನನ್ನ ಬ್ಯಾಗಿನಲ್ಲಿದೆ ಎನ್ನುವ ಜಂಬ ಬೇರೆ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಔಷಧಿ ಡಬ್ಬಿಗಳಿಗೆ ರಟ್ಟು ಕತ್ತರಿಸುವ ಒಂದು ಕಾರ್ಖಾನೆಯಿತ್ತು. ಅಲ್ಲಿ ಸಾಲಾಗಿ ನಾಲ್ಕು ಮಶೀನು, ಹದಿನಾಲ್ಕು ಜನ, ಬಹುತೇಕ ಬಿಜಾಪುರ, ಗುಲಬರ್ಗಾ ಕಡೆಯವರು. ಕೆಲವು ತಿಂಗಳಿನಿಂದ ರಟ್ಟು ವಿಪರೀತ ಹಾಳಾಗುತ್ತಿತ್ತು. ಸರಿಹೋಗದಿದ್ದರೆ ಆ ವಿಭಾಗಕ್ಕೆ ಬೀಗ ಹಾಕುವುದಾಗಿ ಮಾಲೀಕರು ಹೇಳಿದ್ದರು.

ಮೊದಲ ದಿನ ಆಳುಗಳ ಮೇಲ್ವಿಚಾರಕರಾದ ಮುಕಾದಮರು ನನ್ನನ್ನು ಬದಿಗೆ ಕರೆದು, “ಸಾಹೇಬ್ರ, ನಾಲ್ಕನೇ ಮಶೀನಿಂದು ಒಂದ್ ಸುದ್ದಿ ಐತ್ರಿ...” ಎಂದು ಶುರುಮಾಡಿದರು. ನಾನು ಕೈಯೆತ್ತಿ ತಡೆದೆ. “ಹಳೇದು ಬೇಡ. ಮುಂದೆ ಏನು ಬೇಕು ಅನ್ನೋದು ಮಾತ್ರ ಹೇಳಿ.” ಅವರು ಮಶೀನುಗಳ ಕಡೆ ಹೊರಟುಹೋದರು.

ಆಮೇಲೆ ಒಬ್ಬೊಬ್ಬರನ್ನೇ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ನನ್ನ ಹೆಮ್ಮೆಯ ಪ್ರಶ್ನೆ ಕೇಳಿದೆ. ನೀವು ಮಲಗಿದ್ದಾಗ ಒಂದು ಪವಾಡ ನಡೆದು ಇಲ್ಲಿನದೆಲ್ಲ ಸರಿಹೋಗಿದೆ ಅಂತ ಇಟ್ಟುಕೊಳ್ಳಿ, ಬೆಳಿಗ್ಗೆ ಬಂದಾಗ ಮೊದಲು ಏನು ಕಾಣುತ್ತದೆ? ಮೊದಲನೆಯವನು ಕಣ್ಣು ಮುಚ್ಚಿ ಹೇಳಿದ: “ಕಾಕಾ ನಿಂತಿರ್ತಾನ್ರಿ, ನಾಲ್ಕರ ಮುಂದ.” ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನೂ ಅದನ್ನೇ. ಹೆಗಲ ಮೇಲೆ ಕೆಂಪು ಟವೆಲ್, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ. ಹದಿಮೂರು ಜನ ಬೇರೆಬೇರೆಯಾಗಿ ಬಂದು ಒಂದೇ ಚಿತ್ರ ಬಿಡಿಸಿಟ್ಟು ಹೋದರು. ನಾಲ್ಕನೆಯದನ್ನು ನಡೆಸುತ್ತಿದ್ದ ಕಾಕಾ ಊಟದ ವಿರಾಮದಲ್ಲಿ ಆ ಮಶೀನಿನ ಪಕ್ಕದ ಸ್ಟೂಲಿನ ಮೇಲೆ ಕೂತವನು ಮತ್ತೆ ಏಳಲಿಲ್ಲವಂತೆ. ಹಾಗೆ ಸತ್ತು ಏಳು ತಿಂಗಳಾಗಿತ್ತು. ಮಟಮಟ ಮಧ್ಯಾಹ್ನದಲ್ಲಿ ನನ್ನ ತೋಳಿನ ಮೇಲೆ ರೋಮ ಎದ್ದು ನಿಂತದ್ದು ನೆನಪಿದೆ.

ಹದಿನಾಲ್ಕನೆಯವನು ಕಾಕಾನ ಜಾಗಕ್ಕೆ ಬಂದ ಹೊಸಬ. ಇಪ್ಪತ್ತೆಂಟರ ಪ್ರಾಯ, ದಹಿಸರಿನ ಚಾಳಿನ ಒಂದು ಕೋಣೆಯಲ್ಲಿ ಹೆಂಡತಿ, ಮಗು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವನ ಪವಾಡ ಮಾತ್ರ ಬೇರೆ. “ಇವರೆಲ್ಲಾ ನನ್ನ ಹೆಸರ್ ಹಿಡದು ಕರೀಬೇಕ್ರಿ. ಏ ನಾಲ್ಕು, ಏ ನಾಲ್ಕು ಅಂತಾರ್ರಿ. ನಾನೂ ಒಬ್ಬ ಮನಷ್ಯಾ ಅಂತ ಗೊತ್ತಾದ್ರ ಸಾಕ್ರಿ.” ನಾನು ಬರೆದುಕೊಂಡೆ. ಹದಿಮೂರಕ್ಕೆ ಎದುರಾಗಿ ಒಂದು ಉತ್ತರ. ಹಾಳೆಯ ಕೊನೆಗೆ ಹಾಕಿ ಮುಂದೆ ಹೋದೆ.

ಸರಿಯಿದ್ದ ದಿನಗಳನ್ನು ಹುಡುಕಿದಾಗ ಒಂದು ಸಂಗತಿ ಸಿಕ್ಕಿತು. ರಟ್ಟು ನಾಲ್ಕನೆಯ ಮಶೀನಿಗೆ ನೆಟ್ಟಗೆ ಬಂದರೆ, ಅಲ್ಲಿದ್ದವನು ಪಾನಾದಿಂದ ಕಬ್ಬಿಣದ ಚೌಕಟ್ಟಿಗೆ ಬಡಿಯಬೇಕು. ಆ ಸದ್ದು ಕೇಳಿ ಮೊದಲನೆಯ ಮಶೀನಿನವನು ಮುಂದಿನ ರಟ್ಟು ಬಿಡುತ್ತಾನೆ. ಕಾಕಾ ಎರಡು ಸಲ ಬಡಿಯುತ್ತಿದ್ದ. ಹೊಸಬ ಬಡಿಯುತ್ತಿದ್ದದ್ದು ಒಂದೇ ಸಲ; ಗದ್ದಲದಲ್ಲಿ ಅದು ಬಡಿತವೋ ಮಶೀನಿನದೇ ಸದ್ದೋ ಗೊತ್ತಾಗುತ್ತಿರಲಿಲ್ಲ. ಅವನು ಅಪ್ಪಿತಪ್ಪಿ ಎರಡು ಸಲ ಬಡಿದ ದಿನಗಳಲ್ಲಿ ಹಾಳು ರಟ್ಟು ಅರ್ಧಕ್ಕರ್ಧ ಕಡಿಮೆ. ಇಷ್ಟು ಸಾಕಾಯಿತು ನನಗೆ. ಜೆರಾಕ್ಸ್ ಹಾಳೆಯಲ್ಲಿದ್ದ ಮನೆಗೆಲಸವನ್ನು ಎಲ್ಲರಿಗೂ ಕೊಟ್ಟೆ: ಪವಾಡ ಆಗಿಯೇ ಬಿಟ್ಟಿದೆ ಎನ್ನುವ ಹಾಗೆ ಒಂದು ವಾರ ನಡೆದುಕೊಳ್ಳಿ.

ಮುಂದಿನ ಶುಕ್ರವಾರ ಹೋದಾಗ ಹೊಸಬನ ಹೆಗಲ ಮೇಲೆ ಕೆಂಪು ಟವೆಲ್ ಇತ್ತು. ಠಣ್ ಠಣ್ ಎಂದು ಎರಡು ಸಲ ಬಡಿತ. ಐವತ್ತು ದಾಟಿದ ಆಳೊಬ್ಬ ಅವನ ಮುಂದೆ ಗ್ಲಾಸು ಹಿಡಿದು, “ಕಾಕಾ, ಚಾ ತೊಗೋರಿ” ಎಂದ. ನನಗೆ ನಗು ಬಂತು. ಸೊನ್ನೆ ಅಂದರೆ ತೀರಾ ಕೆಟ್ಟದ್ದು, ಹತ್ತು ಅಂದರೆ ಪವಾಡ, ಸೊನ್ನೆಯಿಂದ ಹತ್ತರೊಳಗೆ ಈಗ ಎಲ್ಲಿದ್ದೀರಿ ಎಂದು ಎಲ್ಲರನ್ನೂ ಕೇಳಿದೆ. ಹಿಂದಿನ ವಾರ ಇದೇ ಪ್ರಶ್ನೆಗೆ ಮೂರು ಅಂದವರು ಆರು ಅಂದರು.

ಅದರ ಮುಂದಿನ ವಾರ ಅವನು ಎಡಗಾಲು ಎಳೆದು ನಡೆಯುತ್ತಿದ್ದ. ಪೆಟ್ಟಾಯಿತೇ ಎಂದು ಕೇಳಿದರೆ ಇಲ್ಲ ಎಂದು ತಲೆಯಾಡಿಸಿದ. ಮುಕಾದಮರು ಗೋದಾಮಿನ ಬಾಗಿಲ ತನಕ ನನ್ನ ಹಿಂದೆಯೇ ಬಂದರು.

“ಕಾಕಾ ಹಿಂಗ ನಡೀತಿದ್ದ್ರಿ. ಟವೆಲ್, ಚಾ, ಬಡಿಯೂದು ಎಲ್ಲಾ ನಾವ ಹೇಳೇವಿ, ಖರೆ. ಕಾಲಿನ ಸುದ್ದಿ ಯಾರೂ ಹೇಳಿಲ್ರಿ. ಇಂವಾ ಕಾಕಾನ ಮಾರಿ ಸುದ್ದಾ ನೋಡಿಲ್ಲ. ಇಲ್ಲಿಗೆ ಸಾಕ್ ಮಾಡೂಣ್ರಿ, ಸಾಹೇಬ್ರ.”

“ಈಗ ಎಷ್ಟಕ್ಕೆ ಬಂದಿದೆ?”

“ಎಂಟಕ್ಕ್ರಿ.”

“ಎಂಟಕ್ಕೆ ಬಂದದ್ದನ್ನ ಯಾರಾದ್ರೂ ನಿಲ್ಲಿಸ್ತಾರಾ?” ಎಂದೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನನಗೂ ಒಳಗೊಳಗೆ ಅಳುಕು ಇತ್ತು. ಆದರೆ ಹಾಳು ರಟ್ಟಿನ ರಾಶಿ ಕರಗಿತ್ತು, ಬೀಗದ ಮಾತು ನಿಂತಿತ್ತು, ಹೊಸಬನನ್ನು ಕಾಯಂ ಮಾಡುವ ಕಾಗದ ಟೈಪಾಗುತ್ತಿತ್ತು. ಸರಿಹೋಗುತ್ತಿರುವುದಕ್ಕೆ ಕೈ ಹಾಕಬಾರದು ಎಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಕೊನೆಯ ಶುಕ್ರವಾರ ಗೇಟಿನ ಹತ್ತಿರ ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಹೊಸಬನ ಹೆಂಡತಿ. ವಾಚ್‌ಮನ್ ನನ್ನ ಕಡೆ ಬೆರಳು ತೋರಿಸಿದ.

“ಪ್ರಶ್ನಾ ಕೇಳಿ ಎಲ್ಲಾ ಸರಿ ಮಾಡೋ ಸಾಹೇಬ್ರು ನೀವ ಏನ್ರಿ? ನಮ್ಮ ಮನಿಯವರಿಗೂ ಒಂದೀಟು ಕೇಳ್ರಿ. ಕೂಸು ಅಪ್ಪಾ ಅಂದ್ರ ಹೊಳ್ಳಿ ನೋಡಂಗಿಲ್ರಿ. ಅವರವ್ವ ಊರಿಂದ ಬಂದು ಹೆಸರ್ ಹಿಡದು ಕರದ್ಲು, ಯಾರನ್ನ ಕರೀತಿ ಅಂದ್ರಂತ. ಈಗ ಮನಿಯಾಗ ನಾನೂ ಕಾಕಾ ಅಂತೀನ್ರಿ. ಹಂಗಂದ್ರ ಅಷ್ಟ ಓ ಅಂತಾರ.”

ಗಂಡನನ್ನು ಕಾಕಾ ಎನ್ನುವಾಗ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವನನ್ನು ಕ್ಯಾಂಟೀನಿಗೆ ಕರೆಸಿದೆ. ಕಾಲೆಳೆಯುತ್ತ ಬಂದು, ಮೊಣಕಾಲಿಗೆ ಕೈಯೂರಿ, ವಯಸ್ಸಾದವರ ಹಾಗೆ ಉಸ್ಸೆಂದು ಕೂತ. ಅವನ ಹೆಸರು ಹಿಡಿದು ಕರೆದೆ. ಅವನು ಹಿಂದಕ್ಕೆ ತಿರುಗಿ ಖಾಲಿ ಬೆಂಚನ್ನು ನೋಡಿದ.

ನನಗೆ ಗೊತ್ತಿದ್ದದ್ದು ಅವೇ ಪ್ರಶ್ನೆಗಳು. ಅವನ್ನೇ ಕೇಳಿದೆ.

“ಸೊನ್ನೆಯಿಂದ ಹತ್ತರೊಳಗೆ ಈಗ ಎಲ್ಲಿದ್ದೀರಿ?”

“ಹತ್ತು.”

“ಇನ್ನೇನಾದ್ರೂ ಬೇಕು ಅನ್ಸತ್ತಾ?”

“ಏನೂ ಬ್ಯಾಡ. ಎಲ್ಲಾ ಬರೋಬ್ಬರಿ ಐತಿ, ತಮ್ಮಾ.”

ನಾನು ಅವನಿಗಿಂತ ಹನ್ನೆರಡು ವರ್ಷ ದೊಡ್ಡವನು. ಅವನು ನನ್ನ ಬೆನ್ನು ತಟ್ಟಿ ಎದ್ದು ಹೋದ. ಇನ್ನೇನೂ ಬೇಡ ಎಂದವನನ್ನು ಕೇಳಲು ನನ್ನ ಹಾಳೆಗಳಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು ಎಂದೇ ಅವು ಹೇಳುತ್ತಿದ್ದವು.

ಗೇಟಿಗೆ ಹೋದೆ. ಆಕೆ ಅಲ್ಲೇ ಇದ್ದಳು. “ಎಲ್ಲಾ ಸರಿಯಾಗಿದೆ ಅಂದ್ರಮ್ಮ” ಎಂದೆ.

“ಯಾರ್ ಅಂದ್ರು ಸಾಹೇಬ್ರ?” ಎಂದು ಕೇಳಿದಳು.