ಕೂಸನ್ನ ಯಾರು ನೋಡ್ಕೊಂತಾರ?

ಕೂಡ್ಲಿಗಿಯ ಸಂಘಮಿತ್ರಾಗೆ ಒಂದು ಚಾಳಿ. ಯಾವ ವಿಷಯವೇ ಆಗಲಿ, ಯಾಕೆ ಅಂತ ತಿಳಿಯುವ ತನಕ ಅವಳಿಗೆ ಊಟ ಸೇರದು. ಲ್ಯಾಬ್ ಟೆಕ್ನಿಷಿಯನ್ ಓದಿದ್ದೂ ಅದಕ್ಕೇ ಇರಬೇಕು. ನಾಲ್ಕು ವರ್ಷ ಕೆಲಸ ಮಾಡಿದವಳು; ಎಂಥ ಅಳುವ ಹುಡುಗರಿಗೂ ಒಂದೇ ಸಲ ಚುಚ್ಚಿ ನರ ಹಿಡಿದು ರಕ್ತ ತೆಗೆಯುತ್ತಾಳೆ. ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೊಬ್ಬರು ಕೂತಿದ್ದರು.

ಮಗಳು ಕ್ರಾಂತಿಗೆ ವರ್ಷ ತುಂಬಿದ ಮೇಲೆ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಲ್ಯಾಬುಗಳಿಗೆಲ್ಲ ಹೋಗಿಬಂದಳು. ಸರ್ಟಿಫಿಕೇಟು ನೋಡಿ ಎಲ್ಲರ ಮುಖ ಅರಳುತ್ತಿತ್ತು. ಆಮೇಲೆ ಅದೇ ಪ್ರಶ್ನೆ: “ಕೂಸನ್ನ ಯಾರು ನೋಡ್ಕೊಂತಾರ?”

“ನಮ್ಮತ್ತಿ ಅದಾರ್ರಿ” ಅಂದರೂ ಮುಖ ಸಪ್ಪಗಾಗುತ್ತಿತ್ತು. ಫೋನ್ ಮಾಡ್ತೀವಿ ಅಂದವರು ಇವತ್ತಿಗೂ ಮಾಡಿಲ್ಲ.

ನಾಲ್ಕನೆಯದು ಕೊಟ್ಟೂರು. ಅಲ್ಲಿ ಎದೆ ಗಟ್ಟಿ ಮಾಡಿಕೊಂಡು “ಮಕ್ಕಳಿಲ್ರಿ” ಅಂದುಬಿಟ್ಟಳು. ಮರುದಿನವೇ ಫೋನು ಬಂತು. ಎತ್ತಿದ್ದು ಅತ್ತೆ ಜೋಗಮ್ಮ.

“ಅದಾಳ್ರಿ, ಕೂಸಿಗೆ ನೀರು ಹಾಕಾಕತ್ಯಾಳ. ಯಾರ ಕೂಸು ಅಂದ್ರ? ಅಕೀದೇ ರೀ! ನಾಕು ಹಲ್ಲು ಬಂದಾವ!”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಾಪ, ಮುದುಕಿಯ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಮೊಮ್ಮಗಳ ಹಲ್ಲು ಮುಚ್ಚಿಡಬೇಕಾದ ವಿಷಯವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಕೆಲಸ ಭೀಮೇಶನಿಗೆ ಸಿಕ್ಕಿತು. ಸಂಘಮಿತ್ರಾಳ ಜೊತೆ ಓದಿದವನು, ಇಬ್ಬರು ಮಕ್ಕಳ ತಂದೆ. ಸಂತೆಯಲ್ಲಿ ಸಿಕ್ಕಾಗ ಅವಳು ತಡೆಯಲಾರದೆ ಕೇಳಿದಳು: “ನಿನ್ನ ಮಕ್ಕಳನ್ನ ಯಾರು ನೋಡ್ಕೊಂತಾರ ಅಂತ ಕೇಳಿದ್ರೇನು?”

ಭೀಮೇಶ ತಲೆ ಕೆರೆದುಕೊಂಡ. “ಇಲ್ಲವ್ವ. ಎರಡು ಮಕ್ಕಳದಾವ ಅಂದೆ. ಹಂಗಾದ್ರ ಜವಾಬ್ದಾರಿ ಐತಿ, ಕೆಲಸ ಬಿಟ್ಟು ಹೋಗಂಗಿಲ್ಲ, ನಾಳಿಂದ ಬಾ ಅಂದ್ರು.”

ಸಂಘಮಿತ್ರಾಗೆ ಸಿಟ್ಟು ಬಂತು, ಆದರೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಮರುದಿನ ಬೆಳಿಗ್ಗೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದಳು. ಲ್ಯಾಬಿನ ಮಾಲೀಕ ಗುರುಸಂಗಪ್ಪ ಇಬ್ಬರನ್ನೂ ನೋಡಿ ಮುಖ ಬಿಗಿದುಕೊಂಡರು.

“ಸುಳ್ಳು ಹೇಳಿದ್ದು ನನ್ನ ತಪ್ಪು ಸರ್” ಅಂದಳು. “ಜಗಳಕ್ಕ ಬಂದಿಲ್ರಿ, ಒಂದು ಮಾತು ತಿಳ್ಕೊಳ್ಳಾಕ ಬಂದೀನಿ. ಭೀಮೇಶಗ ಎರಡು ಮಕ್ಕಳಿದ್ರ ಜವಾಬ್ದಾರಿ ಅಂದ್ರಿ. ನನಗ ಒಂದಿದ್ರ ಅದಕ್ಕ ಏನಂತೀರಿ?”