ಅವಳು ತಳ್ಳಿಹಾಕಿದ ಹಳದಿ ಕಾಗದ

೨೦೦೫ನೇ ಇಸವಿ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಾನು ಅಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೆ. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಎಂದರೆ ಕರಿಬೇವಿನ ಸೊಪ್ಪು. ಒಗ್ಗರಣೆಗೆ ಬೇಕು, ಊಟದೆಲೆಯಲ್ಲಿ ಮಾತ್ರ ಪಕ್ಕಕ್ಕೆ. ಯಾರಾದರೂ ರಜೆ ಹಾಕಿದರೆ ಅವರ ತರಗತಿ ನನಗೆ, ಅತಿಥಿಗಳು ಬಂದರೆ ಬೋರ್ಡು ಬರೆಯುವ ಕೆಲಸ ನನಗೆ. ನನ್ನ ಬಾಯಿಯೂ ಸ್ವಲ್ಪ ಜೋರು. ಇಪ್ಪತ್ತು ವರ್ಷದ ಅನುಭವದಲ್ಲಿ ಬಣ್ಣದ ವಿಷಯಕ್ಕೆ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ ಎಂಬ ಜಂಬವೂ ಇತ್ತು. ಆ ಜಂಬ ಇಳಿದ ಎರಡು ದಿನಗಳ ಕಥೆ ಇದು.

ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಗೆ ನಾನು ಮಾಡಿಸುತ್ತಿದ್ದ ಮೊದಲ ಪಾಠ ಕೊಲಾಜ್. ಕುಂಚ ಬೇಡ, ಪೆನ್ಸಿಲ್ ಬೇಡ. ಹಳೆಯ ಮದುವೆ ಕಾರ್ಡು, ವಾರಪತ್ರಿಕೆ, ಗಾಳಿಪಟದ ಕಾಗದ ಹರಿದು ಮೈದಾ ಗೋಂದಿನಲ್ಲಿ ಅಂಟಿಸಿ ಚಿತ್ರ ಕಟ್ಟುವುದು. ವಿಷಯ ಯಾವಾಗಲೂ ಒಂದೇ: ನಿಮ್ಮ ಮೆಚ್ಚಿನ ಜಾಗದ ಬಣ್ಣಗಳು. ಮಾದರಿಗೆಂದು ನಾನೇ ಮಾಡಿದ ಒಂದು ಕೊಲಾಜ್ ಗೋಡೆಯ ಮೇಲಿತ್ತು. ಕನಕಪುರ ರಸ್ತೆಯಲ್ಲಿ ನನಗೆ ಇಷ್ಟವಾದ ಒಂದು ತಿರುವು ಅದು. ಕೆಮ್ಮಣ್ಣು, ಹಿಂದೆ ಬಂಡೆ, ಒಂದು ಮಾವಿನ ಮರ, ಎಡಗಡೆ ಕೆರೆ. ಮಕ್ಕಳು ತಮ್ಮ ಮೆಚ್ಚಿನ ಜಾಗ ಬಿಟ್ಟು ನನ್ನದನ್ನೇ ಕಾಪಿ ಹೊಡೆಯುತ್ತಿದ್ದರು. ನಾನು ಒಳಗೊಳಗೇ ಖುಷಿಪಡುತ್ತಿದ್ದೆ.

ಆ ಬುಧವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ನಂಜಮ್ಮ ಗೇಟಿನಲ್ಲಿ ನಿಂತಿದ್ದಳು. ಶಾಲೆಯ ಹಿಂದಿದ್ದ, ದಿಕ್ಕಿಲ್ಲದ ಹೆಂಗಸರಿಗೆ ನಾಲ್ಕು ದಿನ ಆಸರೆ ಕೊಡುವ ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

"ಟೀಚರ್, ಒಸಿ ಬನ್ನಿ. ನೆನ್ನೆ ಸಂಜೆ ರೈಲ್ವೆ ಸ್ಟೇಷನ್ನಲ್ಲಿ ಒಬ್ಳು ಸಿಕ್ಕವ್ಳೆ. ಕಿವಿ ಕೇಳಕ್ಕಿಲ್ಲ, ಮಾತಿಲ್ಲ. ಬರೆಯಾಕೂ ಬರಕ್ಕಿಲ್ಲ. ನೀವು ಚಿತ್ರದೋರು, ಏನಾದ್ರೂ ಬರೆಸಿ ಊರು ಯಾವ್ದು ಅಂತ ತಿಳ್ಕಳಿ."

"ನಾನೇನು ಕಣಿ ಹೇಳ್ತೀನಾ ನಂಜಮ್ಮ?" ಎಂದೆ.

ಅವಳು ನನ್ನ ಹತ್ತಿರಕ್ಕೆ ಬಂದು ದನಿ ತಗ್ಗಿಸಿದಳು. "ಎದೆ ತುಂಬ ಹಾಲು ಕಟ್ಟೈತೆ ಟೀಚರ್. ರಾತ್ರಿಯಿಂದ ಕುಪ್ಪಸ ಎರಡು ಸಲ ಬದಲಾಯ್ಸಿದೀನಿ. ಎಲ್ಲೋ ಒಂದು ಕೂಸು ಹಸ್ಕಂಡೈತೆ."

ನನ್ನ ಕೈಯಲ್ಲಿ ಎಂಟನೇ ತರಗತಿಯ ಪಾಠಕ್ಕೆಂದು ತಂದಿದ್ದ ಕಾಗದದ ಚೀಲವಿತ್ತು. ಹಾಗೇ ಹಿಡಿದುಕೊಂಡು ಅವಳ ಹಿಂದೆ ನಡೆದೆ.

ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದಾದ ಹುಡುಗಿ. ಕೊರಳಲ್ಲಿ ತಾಳಿ, ಬೆರಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಲೆ. ಆ ಕಲೆಯಿಂದ ಏನೂ ತಿಳಿಯುವಂತಿರಲಿಲ್ಲ. ರೇಷ್ಮೆಹುಳ ಸಾಕುವ ನಮ್ಮ ಕಡೆ ಹಳ್ಳಿಯ ಅರ್ಧ ಹೆಂಗಸರ ಬೆರಳು ಹಾಗೇ ಇರುತ್ತದೆ. ಮೈ ಕಾದಿತ್ತು. ಬಾಗಿಲ ಬಳಿ ಹೆಡ್ ಕಾನ್‌ಸ್ಟೆಬಲ್ ಶಿವಲಿಂಗಯ್ಯ ಕುಳಿತಿದ್ದರು. ಸುತ್ತಲ ಠಾಣೆಗಳಿಗೆಲ್ಲ ವೈರ್‌ಲೆಸ್ ಹೋಗಿತ್ತು, ಎಲ್ಲಿಯೂ ಕಾಣೆಯಾದವರ ದೂರು ದಾಖಲಾಗಿರಲಿಲ್ಲ. ನಾಳೆ ಗುರುವಾರ ಮಧ್ಯಾಹ್ನ ಮೂರಕ್ಕೆ ಅವಳನ್ನು ಬೆಂಗಳೂರಿನ ಸರ್ಕಾರಿ ನಿಲಯಕ್ಕೆ ಕಳಿಸಲು ಕಾಗದ ಸಿದ್ಧವಾಗಿದೆ ಎಂದರು.

"ಅಲ್ಲಿಗೋದ್ರೆ?" ಎಂದೆ.

"ಅಲ್ಲಿ ಇಂಥವರು ಬೇಕಾದಷ್ಟು ಜನ ಅವ್ರೆ ಮೇಡಂ. ಹೆಸರಿಲ್ಲ, ಊರಿಲ್ಲ. ಆಮೇಲೆ ಯಾರು ಹುಡುಕ್ತಾರೆ?"

ಅವರ ಮಾತಿನಲ್ಲಿ ಉಡಾಫೆ ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಪೆನ್ಸಿಲ್ ಕೊಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಚೀಲದಿಂದ ಕಾಗದ ಸುರಿದು, ಒಂದು ಕಂದು ಕಾಗದ ಹರಿದು ರಟ್ಟಿನ ಮೇಲೆ ಅಂಟಿಸಿ, ನೆಲ ಎಂದು ನೆಲ ತಟ್ಟಿ ತೋರಿಸಿದೆ. ಆಮೇಲೆ ಅವಳ ಎದೆಯ ಕಡೆ ಕೈ ಮಾಡಿ, ನಿನ್ನ ನೆಲ ಹೇಗಿದೆ ಎಂಬಂತೆ ಹುಬ್ಬು ಎತ್ತಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ನನ್ನ ಕಂದು ಕಾಗದವನ್ನು ಉಗುರಿನಿಂದ ಕಿತ್ತು, ಅದರ ಜಾಗಕ್ಕೆ ಮದುವೆ ಕಾರ್ಡಿನ ಕೆಂಪನ್ನು ಅಂಟಿಸಿದಳು.

ಆಮೇಲೆ ಅವಳ ಕೈ ನಿಲ್ಲಲಿಲ್ಲ. ಹಿಂದೆ ಬೂದು ಬಂಡೆ ಬಂತು. ಮುಂದೆ ದೊಡ್ಡದೊಂದು ದುಂಡು, ಅದರ ಕೆಳಗೆ ಕಂದು ಬಣ್ಣದ ಪಟ್ಟಿ. ದುಂಡಿನ ತುಂಬ ಸಣ್ಣ ಸಣ್ಣ ಚೂರುಗಳನ್ನು ಒತ್ತೊತ್ತಾಗಿ ಅಂಟಿಸತೊಡಗಿದಳು. ಎರಡೂ ತುದಿ ಚೂಪಾದ ಚೂರುಗಳು. ಮಾವಿನಕಾಯಿ ಎಂದುಕೊಂಡು ನಾನು ಹಳದಿ ಕಾಗದ ಕೊಟ್ಟೆ. ತಳ್ಳಿದಳು. ಹಸಿರು ಕೊಟ್ಟೆ, ಅದನ್ನೂ ತಳ್ಳಿದಳು. ಗಾಳಿಪಟದ ತೆಳು ಹಳದಿಯನ್ನು ತಿಳಿ ಹಸಿರಿನ ಮೇಲೆ ಇಟ್ಟು, ಎತ್ತಿ ಹಿಡಿದು ನೋಡಿ, ಆ ಎರಡರ ನಡುವೆ ಹುಟ್ಟಿದ ಬಣ್ಣವನ್ನೇ ಬಳಸಿದಳು. ಎಂಥ ಕಣ್ಣು ಇವಳದು ಎಂದು ಮೆಚ್ಚಿದೆನೇ ಹೊರತು, ಯಾಕೆ ತಳ್ಳಿದಳು ಎಂದು ಯೋಚಿಸಲಿಲ್ಲ.

ಕೊನೆಗೆ ಎಡಗಡೆ ಒಂದು ನೀಲಿ ತುಂಡು. ಅದನ್ನು ಅಂಟಿಸಿ, ಅದರ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತನ್ನ ಎದೆ ತಟ್ಟಿಕೊಂಡಳು. ಮತ್ತೆ ಮತ್ತೆ ತಟ್ಟಿಕೊಂಡಳು. ಬಾಯಾರಿಕೆ ಇರಬೇಕೆಂದು ನಾನು ಒಂದು ಲೋಟ ನೀರು ತಂದುಕೊಟ್ಟೆ. ಅವಳು ನನ್ನ ಮುಖವನ್ನೇ ನೋಡಿ, ಪಾಪ, ನೀರು ಕುಡಿದಳು.

ಪೊಲೀಸರಿಗೆ ತಿಳಿಯಲೆಂದು ನಾನೇ ಪೆನ್ಸಿಲ್‌ನಲ್ಲಿ ಒಂದೊಂದರ ಕೆಳಗೂ ಹೆಸರು ಬರೆದೆ. ಕೆಮ್ಮಣ್ಣು. ಬಂಡೆ. ಮಾವಿನ ಮರ. ಕೆರೆ. ಬರೆಯುವಾಗಲೇ ಹೊಳೆಯಿತು. ಇದು ನನ್ನದೇ ತಿರುವು. ಕನಕಪುರ ರಸ್ತೆಯ ಆ ಜಾಗ ನನಗೆ ಅಂಗೈ ಗೆರೆಯಷ್ಟು ಗೊತ್ತು.

"ನಡೀರಿ ಶಿವಲಿಂಗಯ್ಯನವರೇ, ನನಗೆ ಊರು ಗೊತ್ತಾಯ್ತು," ಎಂದೆ.

ಜೀಪಿನಲ್ಲಿ ಅವಳನ್ನೂ ಕೂರಿಸಿಕೊಂಡು ಹೊರಟೆವು. ಆ ತಿರುವಿನ ಸುತ್ತಲಿನ ಹಳ್ಳಿಗಳನ್ನು ಒಂದೊಂದಾಗಿ ಸುತ್ತಿದೆವು. ಮಾವಿನ ತೋಪುಗಳಲ್ಲಿ ಕೊನೆಯ ಕೊಯ್ಲು ನಡೆದಿತ್ತು. ಕಾಯಿ ತುಂಬುತ್ತಿದ್ದ ಹೆಂಗಸರು ಬಂದು ಅವಳ ಗಲ್ಲ ಹಿಡಿದು ನೋಡಿ, "ನಮ್ ಕಡೇದಲ್ಲ ಕಣವ್ವ" ಎಂದು ಹೋದರು. ಅವಳು ಮೊದಲೆರಡು ಊರುಗಳಲ್ಲಿ ಆಸೆಯಿಂದ ಕತ್ತು ಚಾಚಿದಳು. ಮೂರನೆಯ ಊರಿನ ಹೊತ್ತಿಗೆ ಜೀಪಿನಿಂದ ಇಳಿಯಲೇ ಇಲ್ಲ. ಸೀರೆಯ ಸೆರಗನ್ನು ಎದೆಗೆ ಒತ್ತಿ ಹಿಡಿದು ಮುದುಡಿ ಕುಳಿತಳು. ಸೆರಗು ಒದ್ದೆಯಾಗಿತ್ತು.

ಸಂಜೆ ವಾಪಸು ಬರುವಾಗ ಶಿವಲಿಂಗಯ್ಯ, "ಬಣ್ಣದ ಪೇಪರ್ ನಂಬ್ಕಂಡು ಒಂದು ದಿನ ಕಳ್ಕಂಡ್ವಲ್ಲ ಮೇಡಂ," ಎಂದರು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಒಂದು ದಿನ ಎಂದರೆ ಎದೆಹಾಲಿನ ಕೂಸಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕದ ನನ್ನ ಬುದ್ಧಿಯ ಮೇಲೆ. ಮನೆಗೆ ಹೋಗಿ ನಾನು ಊಟ ಮಾಡಲಿಲ್ಲ.

ಗುರುವಾರ ಬೆಳಿಗ್ಗೆ ಶಿವಲಿಂಗಯ್ಯನವರೇ ಒಂದು ದಾರಿ ಹೇಳಿದರು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಸುತ್ತಲ ನಾಲ್ಕೂ ತಾಲ್ಲೂಕಿನ ರೈತರು ಬರುತ್ತಾರೆ, ಅಲ್ಲಿ ಅವಳನ್ನು ತೋರಿಸೋಣ ಎಂದು. ಹರಾಜಿನ ಹೊತ್ತಿಗೆ ಹೋದೆವು. ಆ ನೂಕಾಟ, ಆ ಜನ ನೋಡಿ ಅವಳು, ಜೊತೆಗೆ ಬಂದಿದ್ದ ನಂಜಮ್ಮನ ಬೆನ್ನಿಗೆ ಅಂಟಿಕೊಂಡಳು. ಅವಳನ್ನು ಹೊರಗೆ ಜೀಪಿನಲ್ಲೇ ಬಿಟ್ಟು, ಕೊಲಾಜ್ ಹಿಡಿದು ನಾನೊಬ್ಬಳೇ ಸಾಲು ಸಾಲಾಗಿ ಓಡಾಡಿದೆ. ಅಲ್ಲಿನ ಅಂಕಣಗಳ ತುಂಬ ರಾಶಿ ರಾಶಿ ಗೂಡು. ಹೆಚ್ಚಿನವು ಮೊಟ್ಟೆಯಾಕಾರದ ಹಳದಿ ಗೂಡು, ಕೆಲವು ಬಿಳಿ. ರೈತರು ಚಿತ್ರ ನೋಡಿ, "ಚೆನ್ನಾಗೈತೆ ಬುಡಿ" ಎಂದು ಮತ್ತೆ ಹರಾಜಿನ ಕಡೆ ತಿರುಗುತ್ತಿದ್ದರು.

ಹನ್ನೊಂದೂವರೆಗೆ ಖಲೀಲ್ ಸಾಬರು ಎದುರಾದರು. ನೂಲು ಬಿಚ್ಚುವ ಕಾರ್ಖಾನೆ ಇಟ್ಟಿದ್ದವರು, ಅವರ ಮಗಳು ನನ್ನ ವಿದ್ಯಾರ್ಥಿನಿ. ನನ್ನ ಪಾಡು ಕೇಳಿ, ಕನ್ನಡಕ ಹಾಕಿಕೊಂಡು, ಕೊಲಾಜನ್ನು ಬೆಳಕಿಗೆ ಹಿಡಿದರು.

"ಮೇಡಂ, ಇಲ್ಲಿ ಮಾವಿನ ಮರ ಅಂತ ಬರ್ದೈತಲ್ಲ. ಅವ್ಳು ಬರ್ದಿದ್ದಾ, ನೀವು ಬರ್ದಿದ್ದಾ?"

"ನಾನು."

"ಇದು ಮರ ಅಲ್ಲ. ಚಂದ್ರಿಕೆ."

ಚಂದ್ರಿಕೆ ಎಂದರೆ ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ, ಆಳೆತ್ತರದ್ದು. ಗೂಡು ಕಟ್ಟುವಾಗ ಅದನ್ನು ಅಂಗಳದ ನೆರಳಿನಲ್ಲಿ ಕೋಲಿಗೆ ಒರಗಿಸಿ ನಿಲ್ಲಿಸುತ್ತಾರೆ. ಕಂದು ಪಟ್ಟಿ ಕಾಂಡವಲ್ಲ, ಆ ಕೋಲು. ದಿನಾ ಶಾಲೆಗೆ ಹೋಗುವ ದಾರಿಯಲ್ಲಿ ನಾನು ಅದನ್ನು ನೋಡುತ್ತಿದ್ದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

"ಆದರೆ ಗೂಡು ಹಳದಿ ಇರಬೇಕಲ್ಲ ಸಾಬ್ರೇ? ಅವಳು ಹಳದಿ ಬೇಡ ಅಂದಳು."

"ಅದೇ ಹೇಳ್ತಾ ಇರೋದು. ಇಲ್ಲಿ ಬರೋದು ಮಿಶ್ರತಳಿ, ಹಳದಿ, ಮೊಟ್ಟೆ ತರ. ಇವ್ಳು ಮಾಡಿರೋದು ನೋಡಿ, ಸಣ್ಣದು, ಎರಡೂ ಕಡೆ ಚೂಪು, ಹಸಿರು ಕಂಡೂ ಕಾಣದಂಗೆ. ಇದು ಅಸಲಿ ಮೈಸೂರು ತಳಿ. ಬಿತ್ತನೆ ಗೂಡು. ಹುಳದ ಮೊಟ್ಟೆ ಮಾಡಕ್ಕೆ ಬಿತ್ತನೆ ಕೋಠಿಗೆ ಹೋಗ್ತದೆ, ನಮ್ ಮಾರ್ಕೆಟ್ಟಿಗೆ ಬರಲ್ಲ. ಚನ್ನಪಟ್ಟಣದಲ್ಲಿ ಬೆಳೆಯಲ್ಲ, ಕನಕಪುರದಲ್ಲಿ ಬೆಳೆಯಲ್ಲ. ನೀವು ಮಾಗಡಿ ದಾಟಿ ತಿಪ್ಪಸಂದ್ರದ ಕಡೆ ಹೋಗಿ."

ನಾನು ಚನ್ನಪಟ್ಟಣದವಳು. ಅಪ್ಪ ಅರಗಿನ ಬೊಂಬೆ ಕಡೆಯುತ್ತಿದ್ದರು. ಗೂಡೆಂದರೆ ನನಗೆ ಹಳದಿ, ಬಿಳಿ, ಅಷ್ಟೇ. ನಾನು ಕಂಡಿರದ ಬಣ್ಣವನ್ನು ಆ ಹುಡುಗಿ ಎರಡು ಕಾಗದ ಸೇರಿಸಿ ಹುಟ್ಟಿಸಿದ್ದಳು.

ಶಿವಲಿಂಗಯ್ಯ ಗಡಿಯಾರ ನೋಡಿದರು. ಹನ್ನೆರಡಾಗುತ್ತಿತ್ತು. ಠಾಣೆಗೆ ಫೋನ್ ಮಾಡಿ ಏನೋ ಮಾತಾಡಿ ಬಂದು, "ಮೂರಕ್ಕೆ ಗಾಡಿ ರೆಡಿ ಇರ್ತದಂತೆ. ಅಷ್ಟರೊಳಗೆ ಊರು ಸಿಕ್ಕಿದ್ರೆ ಫೋನ್ ಮಾಡ್ಬೇಕು. ಇಲ್ದಿದ್ರೆ ಕರ್ಕಂಡು ಬಂದ್ಬುಡ್ಬೇಕು. ಇದೂ ಮಾವಿನ ಮರ ಆಗ್ಬುಟ್ರೆ ನನ್ನ ಕೈಲಿ ಏನೂ ಇಲ್ಲ ಮೇಡಂ," ಎಂದರು. ನಾನು ಕೊಲಾಜ್ ಹಿಡಿದು ಜೀಪು ಹತ್ತಿದೆ.

ಮಾಗಡಿಯವರೆಗೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಜ್ವರ ಏರಿತ್ತು. ನಂಜಮ್ಮ ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದಳು. ಮಾಗಡಿ ದಾಟಿ ತಿಪ್ಪಸಂದ್ರದ ದಾರಿ ಹಿಡಿದ ಮೇಲೆ ಅಂಗಳಗಳಲ್ಲಿ ಚಂದ್ರಿಕೆಗಳು ಕಾಣಿಸಿದವು. ಜೀಪು ನಿಲ್ಲಿಸಿ ಒಂದರ ಹತ್ತಿರ ಹೋಗಿ ನೋಡಿದೆ. ಸಣ್ಣ ಗೂಡು, ಎರಡು ತುದಿ ಚೂಪು, ಹಸಿರು ಕಂಡೂ ಕಾಣದಂತೆ. ಒಂದು ಗೂಡನ್ನು ಬೇಡಿ ತಂದು ಅವಳ ಅಂಗೈಯಲ್ಲಿಟ್ಟೆ. ಅವಳು ಕಣ್ಣು ಬಿಟ್ಟಳು. ಗೂಡನ್ನು ನೋಡಿದಳು, ನನ್ನನ್ನು ನೋಡಿದಳು, ಎದ್ದು ಕುಳಿತಳು.

ಅಲ್ಲಿಂದ ದಾರಿ ತೋರಿಸಿದವಳು ಅವಳೇ. ಡ್ರೈವರನ ಭುಜ ತಟ್ಟಿ ಎಡ, ಬಲ ಎಂದು ಕೈ ಮಾಡಿದಳು. ಎರಡು ಕವಲು ಕಳೆದು ಮಣ್ಣಿನ ದಾರಿಗೆ ಇಳಿದಾಗ ಅವಳ ಗಂಟಲಿನಿಂದ ಒಂದು ದನಿ ಬಂತು. ಎರಡು ದಿನದಲ್ಲಿ ನಾನು ಕೇಳಿದ ಮೊದಲ ದನಿ. ಜೀಪು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು.

ಅಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬರು ಐದು ತಿಂಗಳ ಕೂಸಿಗೆ ಒಳಲೆಯಲ್ಲಿ ಹಸುವಿನ ಹಾಲು ಹಿಡಿಯಲು ಹೆಣಗುತ್ತಿದ್ದರು. ಕೂಸು ಅತ್ತು ಅತ್ತು ದನಿಯಿಲ್ಲದೆ ಬರೀ ಬಾಯಿ ತೆರೆಯುತ್ತಿತ್ತು. ಇವಳು ಅದನ್ನು ಕಿತ್ತುಕೊಂಡು ಅಲ್ಲೇ ಮಣ್ಣಿನಲ್ಲಿ ಕೂತು ಎದೆಗೆ ಹಾಕಿಕೊಂಡಳು. ಅವಳ ಅತ್ತೆಯಾದ ಆ ಹೆಂಗಸು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ಎಲ್ಲಿಗೋಗ್ಬುಟ್ಟಿದ್ದೆ ನನ್ನವ್ವ" ಎಂದು ಅತ್ತರು. ಅವಳಿಗೆ ಅದು ಕೇಳುವಂತಿರಲಿಲ್ಲ. ಗಟ್ಟಿಗಿತ್ತಿಯೆಂದು ಹೆಸರಾದ ನಾನೂ ಅತ್ತುಬಿಟ್ಟೆ. ಶಿವಲಿಂಗಯ್ಯ ಫೋನ್ ಹುಡುಕಿಕೊಂಡು ಹೋದರು. ಎರಡು ಗಂಟೆ ಹತ್ತು ನಿಮಿಷವಾಗಿತ್ತು.

ಅವಳ ಹೆಸರು ಪುಟ್ಟತಾಯಿ ಎಂದು ಆಮೇಲೆ ತಿಳಿಯಿತು. ಸೊಸೆ ಕಾಣೆಯೆಂದು ಠಾಣೆಗೆ ಹೋದರೆ ಊರಿಗೆಲ್ಲ ಆಡಿಕೊಳ್ಳುವ ಮಾತಾಗುತ್ತದೆಂದು ಮನೆಯವರು ನೆಂಟರ ಊರುಗಳಲ್ಲಿ ಹುಡುಕುತ್ತಿದ್ದರಂತೆ. ಇದನ್ನು ಕೇಳಿ ನಾನು ಬೈದೆ, ಚೆನ್ನಾಗಿಯೇ ಬೈದೆ.

ಬಯ್ಯುತ್ತಲೇ ಕೈಯಲ್ಲಿದ್ದ ಕೊಲಾಜನ್ನು ಅಂಗಳಕ್ಕೆ ಹೋಲಿಸಿ ನೋಡಿದೆ. ಕೆಮ್ಮಣ್ಣು ಇತ್ತು, ಹಿಂದೆ ಬಂಡೆ ಇತ್ತು, ಕೋಲಿಗೆ ಒರಗಿಸಿದ ಚಂದ್ರಿಕೆ ಇತ್ತು. ಕೆರೆ ಎಲ್ಲಿ ಎಂದು ಕೇಳಿದೆ.

"ಕೆರೆನಾ? ಈ ಊರಲ್ಲಿ ಯಾವ ಕೆರೆ ಐತೆ ಟೀಚರಮ್ಮ," ಎಂದರು ಅತ್ತೆ.

ಎಡಗಡೆ ಬಟ್ಟೆ ಒಣಹಾಕುವ ಒಂದು ಖಾಲಿ ಹಗ್ಗವಿತ್ತು. ಅಷ್ಟರಲ್ಲಿ, ಯಾರೋ ಹೇಳಿ ಕಳಿಸಿದ್ದರಿಂದ, ಅವಳ ಗಂಡ ಬೇಲಿ ಹಾರಿ ಓಡಿಬಂದ. ಎರಡು ದಿನದಿಂದ ಬಟ್ಟೆ ಬದಲಿಸಿರಲಿಲ್ಲ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಅವನಿಗೆ. ಮೈಮೇಲೆ ಅಲ್ಲಿಯ ಸಮವಸ್ತ್ರದ ನೀಲಿ ಶರ್ಟು. ಮಂಗಳವಾರ ಹೆಂಡತಿಯ ಕಿವಿಯನ್ನು ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೊರಟು, ರಜೆ ಕೇಳಿ ಬರುತ್ತೇನೆಂದು ಕಾರ್ಖಾನೆಯ ಗೇಟಿನ ಎದುರು ಕೂರಿಸಿ ಒಳಗೆ ಹೋಗಿದ್ದ. ಶಿಫ್ಟು ಬಿಟ್ಟು ಅದೇ ನೀಲಿ ಶರ್ಟಿನ ನೂರಾರು ಜನ ಒಟ್ಟಿಗೆ ಹೊರಬಂದಿದ್ದರು. ಮುಂದಿನದನ್ನು ಅವಳೇ ಗಂಡನಿಗೆ ಸನ್ನೆಯಲ್ಲಿ ಹೇಳಿದಳು: ಒಂದು ನೀಲಿ ಬೆನ್ನಿನ ಹಿಂದೆ ನಡೆದು ರೈಲು ಹತ್ತಿದ್ದಳು. ರಾಮನಗರದಲ್ಲಿ ಇಳಿದು ಆ ಮನುಷ್ಯ ತಿರುಗಿ ನೋಡಿದಾಗ ಬೇರೆ ಯಾರದೋ ಮುಖ.

ಕೊಲಾಜನ್ನು ಅವಳಿಗೇ ಕೊಟ್ಟು ಬಂದೆ. ಕೊಡುವ ಮೊದಲು ಚೀಲದಿಂದ ರಬ್ಬರ್ ತೆಗೆದು, ನಾನು ಬರೆದಿದ್ದ ಹೆಸರುಗಳನ್ನು ಒಂದೊಂದಾಗಿ ಅಳಿಸಿದೆ. ಮರುದಿನ ಶಾಲೆಯ ಗೋಡೆಯಿಂದ ನನ್ನ ಮಾದರಿಯನ್ನೂ ಇಳಿಸಿದೆ. ನಿವೃತ್ತಳಾಗುವವರೆಗೆ ಮತ್ತೆ ಮಾದರಿ ಹಾಕಲಿಲ್ಲ. ಮಗು ಏನಾದರೂ ಅಂಟಿಸಿದರೆ, ಇದು ಮರ ತಾನೇ ಎಂದು ಕೇಳುವುದನ್ನು ಬಿಟ್ಟೆ. ಇದೇನು ಎಂದು ಕೇಳಿ ಸುಮ್ಮನೆ ಕಾಯುವುದನ್ನು ಕಲಿತೆ. ನಾನು ಕೊಟ್ಟ ಬಣ್ಣವನ್ನು ಯಾರಾದರೂ ತಳ್ಳಿದರೆ ಇಂದಿಗೂ ನನ್ನ ಕೈ ನಿಲ್ಲುತ್ತದೆ. ಆ ಬುಧವಾರ ಬೆಳಿಗ್ಗೆ ಪುಟ್ಟತಾಯಿ ನೀಲಿ ತುಂಡಿನ ಮೇಲೆ ಬೆರಳಿಟ್ಟು, ಎದೆ ತಟ್ಟಿಕೊಂಡು ನನಗೆ ತೋರಿಸಿದ್ದು ತನ್ನ ಗಂಡನನ್ನು. ನಾನು ಅವಳಿಗೆ ಕೊಟ್ಟದ್ದು ಒಂದು ಲೋಟ ನೀರು.