ನಗುವ ಜಾಗ

ನಗುವಾಗ ಅವರಿಗೆ ಸದ್ದೇ ಬರುತ್ತಿರಲಿಲ್ಲ. ಭುಜಗಳೆರಡೂ ಕಿವಿಯ ತನಕ ಏರುತ್ತಿದ್ದವು, ಮೆಹೆಂದಿ ಹಚ್ಚಿ ಕೆಂಪಗಾದ ಗಡ್ಡ ಎದೆಗೆ ಒತ್ತಿಕೊಳ್ಳುತ್ತಿತ್ತು, ಕಣ್ಣಲ್ಲಿ ನೀರು ತುಂಬಿ ಕನ್ನಡಕ ತೆಗೆಯಬೇಕಾಗುತ್ತಿತ್ತು. ಅದನ್ನು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳುತ್ತ, ಉಸಿರು ಸಿಕ್ಕಮೇಲೆ, "ಯಾ ಅಲ್ಲಾ, ಏನ್ ತಲೆನಮ್ಮಾ ಆ ಡೈರೆಕ್ಟ್ರುದು!" ಎನ್ನುತ್ತಿದ್ದರು.

ತುಮಕೂರಿನ ಮಂಡಿಪೇಟೆಯ ಪಕ್ಕದ ಅಡ್ಡರಸ್ತೆಯಲ್ಲಿ ಅವರದು ಸಿ.ಡಿ. ಅಂಗಡಿ. ನಾನು ಕುಣಿಗಲ್‌ನಿಂದ ಬಂದು ಹಾಸ್ಟೆಲ್‌ನಲ್ಲಿದ್ದುಕೊಂಡು ಓದುತ್ತಿದ್ದ ಹುಡುಗಿ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮುಂದಿನ ಕಪಾಟಿನಲ್ಲಿ ಹೊಸ ಕನ್ನಡ, ಹಿಂದಿ, ತೆಲುಗು ಸಿನಿಮಾಗಳಿರುತ್ತಿದ್ದವು. ಅವರ ಪ್ರಾಣವಿದ್ದದ್ದು ಹಿಂದಿನ ಕಪಾಟಿನಲ್ಲಿ. ಇರಾನ್, ಕೊರಿಯಾ, ಇಟಲಿ, ಎಲ್ಲಿಂದಲೋ ತರಿಸಿದ, ಯಾರೂ ಕೇಳದ ಸಿನಿಮಾಗಳು ಅಲ್ಲಿದ್ದವು. ಒಂದನ್ನು ನೋಡಿ ವಾಪಸು ಕೊಡಲು ಹೋದರೆ ಸುಮ್ಮನೆ ಬಿಡುತ್ತಿರಲಿಲ್ಲ. "ಇಷ್ಟ ಆಗ್ಲಿಲ್ವಾ? ಪರ್ವಾಗಿಲ್ಲ. ಎಲ್ಲಿ ಇಷ್ಟ ಆಗ್ಲಿಲ್ಲ ಅಂತ ಹೇಳಮ್ಮ. ಆ ಸೀನ್ ಹೇಳು" ಎಂದು ಸ್ಟೂಲು ಎಳೆದು ಕೂರಿಸುತ್ತಿದ್ದರು. ನಾನು ಇವತ್ತು ಕಾಲೇಜಿನಲ್ಲಿ ಪಾಠ ಮಾಡುತ್ತ, ಬಿಡುವಿನಲ್ಲಿ ಇಲ್ಲಿನ ಪತ್ರಿಕೆಗೆ ಸಿನಿಮಾದ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದರೆ ಅದು ಆ ಸ್ಟೂಲಿನ ಮೇಲೆ ಕಲಿತದ್ದು.

ಇಟಲಿಯದೊಂದು ಜಾಂಬಿ ಸಿನಿಮಾ ಅವರಿಗೆ ಅಚ್ಚುಮೆಚ್ಚು. ಕಥೆ ವಿಚಿತ್ರವಾದದ್ದು. ಒಂದು ಸಣ್ಣ ಊರು. ಅಲ್ಲಿ ಸತ್ತವರು ದಿನಾ ಸಂಜೆ ಸ್ಮಶಾನದಿಂದ ಎದ್ದು ಮನೆಗೆ ಬಂದುಬಿಡುತ್ತಾರೆ. ಯಾರನ್ನೂ ಕಚ್ಚುವುದಿಲ್ಲ, ಊಟಕ್ಕೆ ಕೂರುತ್ತಾರೆ, ಮಗ್ಗುಲಲ್ಲಿ ಮಲಗುತ್ತಾರೆ, ಹಳೆಯ ಜಗಳ ತೆಗೆಯುತ್ತಾರೆ. ಅವರನ್ನೆಲ್ಲ ವ್ಯಾನಿಗೆ ತುಂಬಿ ಮತ್ತೆ ಸ್ಮಶಾನಕ್ಕೆ ಬಿಟ್ಟುಬರಲು ಮುನಿಸಿಪಾಲಿಟಿಯವರು ಒಬ್ಬ ಡ್ರೈವರ್‌ನನ್ನು ನೇಮಿಸಿದ್ದಾರೆ. ಮದುಮಗಳ ಹೆಣವೊಂದು ತನ್ನ ಕೈಯನ್ನು ಅವನ ಸೀಟಿನಲ್ಲಿ ಮರೆತು ಹೋಗುತ್ತದೆ. ಚರ್ಚಿನ ಗಂಟೆಯ ಜಾಗದಲ್ಲಿ ಹಸುವೊಂದು ನೇತಾಡುತ್ತಿರುತ್ತದೆ, ಯಾಕೆ ಅಂತ ಯಾರೂ ಕೇಳುವುದಿಲ್ಲ.

"ಭಾಯ್, ಇದೂ ಒಂದ್ ಪಿಚ್ಚರ್ರಾ? ತಲೆಬುಡ ಇಲ್ಲ" ಅಂದಿದ್ದೆ ಮೊದಲ ಸಲ.

"ತಲೆಬುಡ ಇಲ್ದೇನೂ ಎದ್ದು ಓಡಾಡ್ತೈತಲ್ಲಮ್ಮ, ಅದೇ ಮಜಾ!" ಎಂದು ಭುಜ ಏರಿಸಿದ್ದರು.

ಅದರಲ್ಲೊಂದು ದೃಶ್ಯವನ್ನು ಅವರು ಅಂಗಡಿಗೆ ಬಂದವರಿಗೆಲ್ಲ ಮಾಡಿ ತೋರಿಸುತ್ತಿದ್ದರು. ವ್ಯಾನು ತುಂಬಿದೆ. ಕೋಟು ಹಾಕಿದ ಮುದುಕನೊಬ್ಬನ ಹೆಣ ಬಂದು ಬಾಗಿಲು ತಟ್ಟುತ್ತದೆ. ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿ, ಆಕಳಿಸಿ, "ನಾಳೆ ಬರಬಾರದಾ?" ಎಂದು ಬಾಗಿಲು ಎಳೆದುಕೊಳ್ಳುತ್ತಾನೆ. ಭಾಯ್ ಆ ಆಕಳಿಕೆಯನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ ಸಿನಿಮಾ ಇಷ್ಟಪಡದ ನಾನೂ ನಗುತ್ತಿದ್ದೆ.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಸಿ.ಡಿ. ಕೇಳುವವರು ಇಲ್ಲವಾದರು. ಭಾಯ್ ಮುಂದಿನ ಕಪಾಟು ಖಾಲಿ ಮಾಡಿ ಮೊಬೈಲ್ ರಿಪೇರಿಗೆ ಕೂತರು. ಹಿಂದಿನ ಕಪಾಟು ಮಾತ್ರ ಹಾಗೇ ಇತ್ತು.

ಕೊರೊನಾದ ಎರಡನೇ ಅಲೆ ಬಂದಾಗ ಅವರು ಮನೆಯಲ್ಲಿ ಕೂರಲಿಲ್ಲ. ಮಂಡಿಪೇಟೆಯ ಒಂದಷ್ಟು ಗೆಳೆಯರು ಸೇರಿ, ಮನೆಯವರು ಮುಟ್ಟಲಾಗದ ಹೆಣಗಳನ್ನು ಎತ್ತುವ ಕೆಲಸಕ್ಕೆ ನಿಂತರು. ಯಾವ ಜಾತಿ, ಯಾವ ಧರ್ಮ ಎನ್ನದೆ ಎತ್ತಿದರು. ಮಣ್ಣು ಮಾಡಬೇಕಾದವರನ್ನು ಮಣ್ಣು ಮಾಡಿದರು, ಸುಡಬೇಕಾದವರನ್ನು ಚಿತಾಗಾರದ ಒಳಗೆ ಸಾಗಿಸಿದರು. ಕಿಟ್ ಹಾಕಿಕೊಂಡ ಅವರ ಫೋಟೋವನ್ನು ಯಾರೋ ಕಳಿಸಿದ್ದರು. ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ. ನಾನು ಹೆದರಿ ಫೋನ್ ಮಾಡಿದಾಗ, "ಎತ್ತೋಕ್ ಮುಂಚೆ ಹೆಸರು ಕೇಳ್ತೀವಮ್ಮ. ಹೆಸರು ಹಿಡಿದು ಕರ್ದು, ಎತ್ತುತೀವಪ್ಪಾ, ಎತ್ತುತೀವಮ್ಮಾ ಅಂತ ಹೇಳಿ ಎತ್ತುತೀವಿ. ಅಷ್ಟಾದ್ರೂ ಮಾಡ್ಬೇಕಲ್ವಾ" ಅಂದಿದ್ದರು.

ಎಲ್ಲ ತಣ್ಣಗಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಅಂಗಡಿಗೆ ಹೋದೆ. ಮನುಷ್ಯ ಅರ್ಧ ಆಗಿದ್ದರು. ಗಡ್ಡಕ್ಕೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ಅವರ ನಗು ನೋಡಿ ಬಹಳ ದಿನವಾಗಿತ್ತಲ್ಲ, ಅದಕ್ಕೇ ನಾನು, "ಆ ಇಟಲಿ ಪಿಚ್ಚರ್ ಹಾಕಿ ಭಾಯ್, ಇಬ್ರೂ ನೋಡೋಣ" ಅಂದೆ. ಅವರು ಹುಡುಕಿ ಹಾಕಿದರು. ಮದುಮಗಳ ಕೈ ಬಂದಾಗ ಭುಜ ಸ್ವಲ್ಪ ಏರಿತು ಕೂಡ. ಆಮೇಲೆ ಕೋಟಿನ ಮುದುಕ ಬಂದು ಬಾಗಿಲು ತಟ್ಟಿದ. ಡ್ರೈವರ್ ಆಕಳಿಸಿದ.

ಭಾಯ್ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು.

"ಏನಾಯ್ತು ಭಾಯ್?"

"ಈ ಮಾತು ನಾನಾಡಿದೀನಮ್ಮ."

"ಎಷ್ಟೋ ಸಲ ಆಡಿದೀರಿ. ನಮ್ಮನ್ನೆಲ್ಲ ನಗ್ಸಿದೀರಿ."

"ಅಲ್ಲಲ್ಲ. ನಿಜವಾಗ್ಲೂ ಆಡಿದೀನಿ."

ಚಿತಾಗಾರದ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿದ್ದ ದಿನ. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಇನ್ನು ಮುಗಿಯಿತು ಎಂದುಕೊಂಡು ಕೈಗವಸು ಕಳಚುವಾಗ ಗುಬ್ಬಿಯಿಂದ ಮತ್ತೊಂದು ಗಾಡಿ ಬಂತು. ಅದರಲ್ಲಿ ಒಬ್ಬ ಮುದುಕರ ಹೆಣ, ಜೊತೆಗೆ ಒಬ್ಬಳೇ ಮಗಳು. ಇವರು ಅವಳ ಮುಖವನ್ನೇ ನೋಡುತ್ತ, "ಇವ್ರನ್ನ ನಾಳೆ ತರ್ಬಾರ್ದಾಗಿತ್ತಾ?" ಅಂದುಬಿಟ್ಟಿದ್ದರು. ಅಂದದ್ದು ಇಲ್ಲಿಯತನಕ ಅವರಿಗೆ ನೆನಪೇ ಇರಲಿಲ್ಲವಂತೆ.

"ಆಯಮ್ಮ ಕೈ ಮುಗಿದ್ರು ಕಣಮ್ಮಾ. ಮತ್ತೆ ತರೋಕೆ ಗಾಡಿ ಸಿಗಲ್ಲ ಅಂದ್ರು. ಕೊನೆಗೆ ಎತ್ತಿದ್ವಿ. ಆದ್ರೆ ನಾನು ಅಂಥಾ ಮಾತು ಅಂದಿದ್ದೀನಲ್ಲ!"

ಸುಸ್ತಿನಲ್ಲಿ ಬಂದ ಮಾತು, ಯಾರಾದರೂ ಅನ್ನುತ್ತಿದ್ದರು ಎಂದೆಲ್ಲ ನಾನು ಹೇಳಿದೆ. ಅವರ ಕಿವಿಗೆ ಹೋಗಲಿಲ್ಲ. ಕೆಲವು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಆ ಗಾಡಿಯ ಡ್ರೈವರ್‌ನನ್ನು ವಿಚಾರಿಸಿದ್ದರು. ಆಕೆ ಗುಬ್ಬಿಯ ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾರಂತೆ. "ಹೆಣ್ಮಗಳ ಹತ್ರ ನಾನೊಬ್ನೇ ಹೋದ್ರೆ ಚೆನ್ನಾಗಿರಲ್ಲ. ನೀನು ಬರ್ತೀಯಾಮ್ಮ?" ಎಂದರು.

ಹೋದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಗುಬ್ಬಿಯಲ್ಲಿ ಬಸ್ ಇಳಿದು ಹಣ್ಣಿನ ಗಾಡಿಯ ಮುಂದೆ ನಿಂತರು, ಕಿತ್ತಳೆ ಆರಿಸಿದರು, ಆಮೇಲೆ ಒಂದೊಂದಾಗಿ ವಾಪಸು ಇಟ್ಟರು. "ಬೇಡ. ಹಣ್ಣು ಕೊಟ್ಟು ಬಾಯಿ ಮುಚ್ಸೋಕ್ ಬಂದಂಗಾಯ್ತದೆ."

ಆಕೆಗೆ ನನ್ನದೇ ವಯಸ್ಸು. ಕೊರಳಲ್ಲಿ ಟೇಪು, ಕೈಯಲ್ಲಿ ಕತ್ತರಿ. ನಾನು ಬ್ಲೌಸ್ ಹೊಲಿಸಲು ಬಂದವಳೆಂದು, "ಬನ್ನಿ ಅಕ್ಕಾ, ಅಳತೆ ತಂದಿದೀರಾ?" ಎಂದರು. ಭಾಯ್ ಬಾಗಿಲಲ್ಲೇ ನಿಂತು, ತಾನು ಯಾರು, ಅವತ್ತು ಏನೆಂದೆ ಎನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. "ತಪ್ಪಾಯ್ತು ಅಂತ ಹೇಳೋಕ್ ಬಂದೆ ತಾಯಿ."

ಆಕೆ ಕತ್ತರಿಯನ್ನು ಕೆಳಗಿಟ್ಟರು.

"ಅದು ನೀವಾ? ಆ ಕಿಟ್‌ನಲ್ಲಿ ನಿಮ್ಮ ಕಣ್ಣೊಂದು ಬಿಟ್ಟು ಏನೂ ಕಾಣ್ತಿರ್ಲಿಲ್ಲ. ಮಾತು ಮಾತ್ರ ನೆನಪಿದೆ." ಕೊರಳಿನ ಟೇಪು ತೆಗೆದು ಸುತ್ತುತ್ತ, "ನಮ್ಮಪ್ಪ ಇದ್ದಷ್ಟು ದಿನ ಯಾರಿಗೂ ಭಾರ ಆದೋರಲ್ಲ. ಒಂದು ಲೋಟ ನೀರೂ ಇನ್ನೊಬ್ರನ್ನ ಕೇಳ್ತಿರ್ಲಿಲ್ಲ. ಕೊನೇಗೆ ಅವ್ರಿಂದ ಎಲ್ರಿಗೂ ತೊಂದ್ರೆ ಆಗೋಯ್ತು ಅನ್ನಂಗಾಯ್ತು. ಅದು ನನಗೆ ಹೋಗಲ್ಲ" ಅಂದರು.

ನನಗೆ ತಡೆಯಲಾಗಲಿಲ್ಲ. "ಇವ್ರು ಊಟ ನಿದ್ದೆ ಬಿಟ್ಟು ಎಷ್ಟೊಂದು ಜನಕ್ಕೆ..." ಎಂದು ಶುರು ಮಾಡಿದೆ.

"ನೀನು ಸುಮ್ನಿರಮ್ಮ" ಎಂದು ಭಾಯ್ ತಡೆದರು. ಆ ದನಿಯಲ್ಲಿ ಅವರು ನನ್ನೊಂದಿಗೆ ಯಾವತ್ತೂ ಮಾತಾಡಿರಲಿಲ್ಲ.

ಆಕೆ ಕೇಳಿದರು: "ನನ್ನನ್ನ ಗೇಟ್ ಹೊರಗೇ ನಿಲ್ಲಿಸಿದ್ರು. ಒಳಗೆ ಅಪ್ಪಂಗೆ ಏನೇನ್ ಮಾಡಿದ್ರಿ? ತುಳಸಿ ನೀರು ಒಂದು ಬಾಟ್ಲಲ್ಲಿ ಕೊಟ್ಟಿದ್ದೆ. ಬಾಯಿಗೆ ಬಿಟ್ರಾ?"

ಬಿಟ್ಟೆವು ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಎದುರಿಗಿದ್ದ ಆಕೆಯ ಮುಖವೂ ಅದನ್ನೇ ಬೇಡುತ್ತಿತ್ತು. ಭಾಯ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಯಾರು ಕೊಟ್ರೂ ಬಿಡ್ತಿದ್ವಿ ತಾಯಿ. ಎಲ್ರಿಗೂ ಬಿಡ್ತಿದ್ವಿ. ಆದ್ರೆ ನಿಮ್ಮ ತಂದೆಯೋರಿಗೆ ಬಿಟ್ಟಿದ್ದು ನನಗೆ ನೆನಪಿಲ್ಲ. ಅವತ್ತು ಬಹಳ ಜನ ಇದ್ರು. ಅವ್ರ ಮುಖಾನೂ ನೆನಪಿಲ್ಲ. ಸುಳ್ಳು ಹೇಳಲ್ಲ."

ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾವು ನಿಂತೇ ಇದ್ದೆವು. ಅಳು ನಿಂತಮೇಲೆ, "ನೀವು ಬಂದಿದ್ದು ಒಳ್ಳೇದಾಯ್ತು. ಆದ್ರೆ ಪರ್ವಾಗಿಲ್ಲ ಬಿಡಿ ಅಂತ ಹೇಳೋಕೆ ನನ್ನ ಕೈಲಾಗಲ್ಲ. ಹೋಗ್ಬನ್ನಿ" ಎಂದು ಕತ್ತರಿ ಎತ್ತಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಸಿಟ್ಟೇ ಬಂದಿತ್ತು. "ಬಿಟ್ವಿ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಭಾಯ್? ಪಾಪ, ಆಯಮ್ಮಂಗೂ ಸಮಾಧಾನ ಆಗ್ತಿತ್ತು."

"ಒಂದ್ಸಲ ಆಯಮ್ಮನ ಮುಖದ ಮೇಲೇ ಬಾಗ್ಲು ಹಾಕಿದೀನಿ" ಅಂದರು. "ಈಗ ಸುಳ್ಳು ಹೇಳಿ ಇನ್ನೊಂದ್ಸಲ ಹೆಂಗಮ್ಮಾ ಹಾಕ್ಲಿ?"

ಆ ವಾರ ನಾನೊಬ್ಬಳೇ ಆ ಸಿನಿಮಾವನ್ನು ಮೊದಲಿಂದ ಕೊನೆಯ ತನಕ ನೋಡಿದೆ. ಡ್ರೈವರ್ ಬಾಗಿಲು ಎಳೆದುಕೊಂಡು ವ್ಯಾನು ಹೊರಟುಹೋದ ಮೇಲೆ ಕ್ಯಾಮೆರಾ ಅದರ ಹಿಂದೆ ಹೋಗುವುದಿಲ್ಲ. ಖಾಲಿ ರಸ್ತೆಯಲ್ಲಿ ಆ ಮುದುಕನ ಹತ್ತಿರವೇ ಉಳಿಯುತ್ತದೆ. ಅವನು ಕೋಟಿನ ಗುಂಡಿ ಹಾಕಿಕೊಳ್ಳುತ್ತಾನೆ, ಬಿಚ್ಚುತ್ತಾನೆ, ಹೋಗಲು ಜಾಗವಿಲ್ಲದೆ ಅಲ್ಲೇ ನಿಂತಿರುತ್ತಾನೆ. ದೃಶ್ಯ ಎಷ್ಟು ಹೊತ್ತು ನಡೆಯುತ್ತದೆಂದರೆ ನೋಡುವವರಿಗೆ ಕಸಿವಿಸಿಯಾಗುತ್ತದೆ. ಇದು ಮೊದಲಿಂದಲೂ ಅಲ್ಲೇ ಇತ್ತು. ನಾವು ಆಕಳಿಕೆಗೆ ನಗುತ್ತಿದ್ದೆವು, ಅದಕ್ಕೇ ಕಂಡಿರಲಿಲ್ಲ. ತಲೆಬುಡವಿಲ್ಲದ್ದು ಎಂದು ನಾನು ತಳ್ಳಿಹಾಕಿದ್ದ ಸಿನಿಮಾ, ಸತ್ತವರಿಗಿಂತ ಹೆಚ್ಚಾಗಿ ದಣಿದವನನ್ನು ಕುರಿತದ್ದು. ಕರುಣೆ ಎನ್ನುವುದು ಒಬ್ಬ ಮನುಷ್ಯನಲ್ಲಿ ಹೇಗೆ ಗೊತ್ತಾಗದಂತೆ ಖರ್ಚಾಗಿಹೋಗುತ್ತದೆ ಎಂದು ತೋರಿಸಿ, ಆಮೇಲೆ ನಮ್ಮನ್ನು ರಸ್ತೆಯಲ್ಲಿ ಬಿಟ್ಟುಹೋಗುತ್ತದೆ.

ಇದನ್ನೆಲ್ಲ ಭಾಯ್‌ಗೆ ಹೇಳಿದೆ. ಕೈಯಲ್ಲಿದ್ದ ಮೊಬೈಲಿನ ಸ್ಕ್ರೂ ಬಿಗಿಮಾಡುತ್ತಲೇ ಕೇಳಿಸಿಕೊಂಡರು.

"ಪಿಚ್ಚರ್ ಚೆನ್ನಾಗೈತೆ ಅಂತ ನಾನು ಮೊದ್ಲಿಂದ್ಲೂ ಹೇಳ್ತಿದ್ನಲ್ಲಮ್ಮ. ನಗೋ ಜಾಗ ಮಾತ್ರ ನಾನು ತಪ್ಪು ತಿಳ್ಕೊಂಡಿದ್ದೆ."

ಅದರ ಬಗ್ಗೆ ಬರೆಯುತ್ತೇನೆ ಎಂದಾಗ, "ಪಿಚ್ಚರ್ ಬಗ್ಗೆ ಬರಿ. ನಾನಿರೋ ತನಕ ನನ್ನ ಬಗ್ಗೆ ಬರೀಬೇಡ" ಎಂದರು. ಆಮೇಲೂ ಅವರು ನಗುತ್ತಿದ್ದರು, ಇಲ್ಲವೆಂದಲ್ಲ. ಆದರೆ ನಗುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು. ಗುಬ್ಬಿಯ ಆಕೆಗೆ ನಾನೇ ಫೋನ್ ಮಾಡಿದೆ. "ಹೌದಾ" ಎಂದರು. ಆಮೇಲೆ ಬಹಳ ಹೊತ್ತು ಫೋನ್ ಇಡಲಿಲ್ಲ. ಅವರು ಬರಲಿಲ್ಲ. ಬರಬೇಕಿತ್ತು ಎಂದು ನನಗೆ ಅನ್ನಿಸಲೂ ಇಲ್ಲ.

ಮನೆಯಲ್ಲಿ ನಾನು ಹೆಂಗಸರ ಜೊತೆ, ಅವರ ಹೆಂಡತಿಯ ಪಕ್ಕ ಕೂತಿದ್ದೆ. ಮಧ್ಯಾಹ್ನದ ನಮಾಜಿಗೇ ಎತ್ತಬೇಕೆಂದು ಮಾತಾಗಿತ್ತು. ಆದರೆ ಜನ ಬರುತ್ತಲೇ ಇದ್ದರು. ಕುಂಕುಮ ಇಟ್ಟವರು, ಪಂಚೆ ಉಟ್ಟವರು, ಚಪ್ಪಲಿ ಎಲ್ಲಿ ಬಿಡಬೇಕೆಂದು ತಿಳಿಯದೆ ಗೇಟಿನಲ್ಲೇ ನಿಂತವರು. ಮೊಹಲ್ಲಾದ ಹಿರಿಯರೊಬ್ಬರು ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ, "ಹೊರಡೋಣವಾ?" ಎಂದು ಕೇಳಿದರು.

ಭಾಯ್ ಹೆಂಡತಿ ತಲೆ ಎತ್ತಿದರು. "ಹುಲಿಯೂರುದುರ್ಗದೋರು ಬಸ್ಸಲ್ಲಿದ್ದಾರಂತೆ. ವಸಂತನರಸಾಪುರದ ಫ್ಯಾಕ್ಟ್ರಿಲಿದ್ದ ಅವ್ರ ಮಗ ಕೊರೊನಾದಲ್ಲಿ ತೀರ್ಕೊಂಡಾಗ ಹೆಣಾನ ಇವ್ರೇ ಊರಿಗೆ ತಲುಪಿಸಿದ್ರು. ಅವ್ರೂ ಒಂದ್ಸಲ ಮುಖ ನೋಡ್ಕೊಳ್ಳಲಿ."

ಹಿರಿಯರು ಗಡಿಯಾರ ನೋಡಲಿಲ್ಲ. "ಆಯ್ತಮ್ಮ, ಸಾಯಂಕಾಲ ಅಸರ್ ನಮಾಜ್ ಆದ್ಮೇಲೆ ಎತ್ತೋಣ" ಎಂದು ಹೊರಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಅವರನ್ನು ನೋಡಿ, ಹೊರಡಲೆಂದು ಎದ್ದಿದ್ದವರೆಲ್ಲ ಮತ್ತೆ ಕೂತರು.